ಒಂಬತ್ತನೆಯ ಗಿಡದ ಗಂಟು

6 ಆಗಸ್ಟ್ 1948, ಶುಕ್ರವಾರ. ಬೆಳಿಗ್ಗೆ ಏಳೂವರೆ

ಹನ್ನೆರಡು ಗಿಡಕ್ಕೂ ನೀರಾಯಿತು. ಐದನೆಯದರ ಕುಡಿ ಚಿವುಟಿದೆ. ಚಿವುಟಿದ ಮೇಲೆ ಗೊತ್ತಾಯಿತು — ಅದು ಕುಡಿಯಲ್ಲ, ಹೂವಿನ ಗೊಂಚಲು.

ಗೋಡೆಯ ಮೇಲೆ ನಿಜಾಮೋದ್ದೀನನ ತಲೆ. ಪಕ್ಕದ ಮನೆಯವ ಸರಕಾರಿ ತೋಟದ ಮಾಲಿಯಾದರೆ ಇದೊಂದು ತೊಂದರೆ. ತಪ್ಪು ಮಾಡಿದ ಗಳಿಗೆಗೇ ಇನ್‌ಸ್ಪೆಕ್ಷನ್.

"ಮಾಸ್ತರ್, ಹೂವಾ ಯಾಕ ಕಿತ್ತೀರಿ? ಬಗಲಾಗಿಂದು ತಗೀರಿ ಅಂದಿದ್ದೆ."

"ನನಗ ಎಲ್ಲಾ ಹಸರೇ ಕಾಣ್ತದೋ."

"ದಂಟು ಒಂದು, ಎಲಿ ಒಂದು. ಎರಡರ ನಡುವ ಬಗಲಾಗ ಬರ್ತದ ನೋಡ್ರಿ, ಅದು. ಬರೇ ತಿಂದು ಬೆಳೀತದ. ಬೆರಳುದ್ದ ಆಗೋದ್ರಾಗ ಚಿವುಟ್ರಿ. ಮಳಿ ಇದ್ದಾಗ ಮುಟ್ಟಬ್ಯಾಡ್ರಿ. ತಂಬಾಕದ ಕೈಲೆ ಅಂತೂ ಮುಟ್ಟಲೇಬ್ಯಾಡ್ರಿ, ರೋಗ ಹತ್ತತದ."

ಮೂರು ಕಾನೂನು. ಮೂರನ್ನೂ ಮುರಿದಾಗಿದೆ. ಕೈ ತೊಳೆದುಕೊಂಡು ಬಂದು ಇದನ್ನು ಬರೆದೆ —

ಬೆಳೆದದ್ದು ಬೆಳೆ, ಬೇಡದ್ದು ಕಳೆ,
ತಿಳಿಯದವನಿಗೆ ಎರಡೂ ಹಸಿರೆಲೆ.

ಧಾರವಾಡದ ಕನ್ನಡ ಶಾಲೆಯಲ್ಲಿ ಓದಿ, ಅಲ್ಲಿಯೇ ಬಿ.ಎ. ಮುಗಿಸಿ, ಔರಾದದಲ್ಲಿ ಎಂಟು ವರ್ಷ, ಬೀದರದಲ್ಲಿ ಒಂಬತ್ತು ವರ್ಷ ಉರ್ದು ಶಾಲೆಯ ಮೂಲೆಯಲ್ಲಿ ಕನ್ನಡ ಕಲಿಸಿದವನು. ನಲವತ್ತಾರನೆಯ ವಯಸ್ಸಿನಲ್ಲಿ ಟಮಾಟೆಯ ಬಗಲು ಹುಡುಕುತ್ತಿದ್ದೇನೆ. ಶಾಲೆ ಮುಚ್ಚಿ ಹದಿನೈದು ದಿನ. ಹೆಂಡತಿ ಅನುಸೂಯಾ ತನ್ನ ಅಣ್ಣನ ಜೊತೆ ಸೊಲ್ಲಾಪುರಕ್ಕೆ ಹೋಗಿ ಎರಡು ತಿಂಗಳು.

ಗಿಡ ಹಚ್ಚಲು ಹೇಳಿದ್ದು ನಿಜಾಮೋದ್ದೀನನ ತಾಯಿ, ಹಾಜಿರಾಬೀ. ಗೋಡೆಯಾಚೆಯಿಂದ. ಒಂಬತ್ತು ವರ್ಷದಲ್ಲಿ ನಾನು ಆಕೆಯ ಮುಖ ನೋಡಿಲ್ಲ, ದನಿ ಮಾತ್ರ ಗೊತ್ತು. "ಖಾಲಿ ಹಿತ್ತಲ ಕಂಡ್ರ ಖಾಲಿ ಮನಿ ಅಂತ ತಿಳೀತಾರ ಮಾಸ್ತರ್ ಸಾಬ್. ಏನರ ಹಸರು ಇಡ್ರಿ." ಬೀದರದ ಮೈಲೂರಿನ ಈ ಸಾಲಿನಲ್ಲಿ ಬೀಗ ಬಿದ್ದ ನಾಲ್ಕು ಮನೆಗಳ ಬಾಗಿಲು ಚೌಕಟ್ಟು ಸಮೇತ ಹೋಗಿವೆ. ಒಯ್ದವರು ಯಾರೆಂದು ಎಲ್ಲರಿಗೂ ಗೊತ್ತು. ಖಾಕಿ ತೊಟ್ಟ ರಜಾಕಾರರ ಲಾರಿಗೆ ಹಗಲು ಕತ್ತಲೆಯ ಭೇದವಿಲ್ಲ.

ನನ್ನ ಮನೆಯ ಕಾವಲಿಗೆ ಹನ್ನೆರಡು ಗಿಡ.


13 ಆಗಸ್ಟ್, ಶುಕ್ರವಾರ

ನಿಜಾಮೋದ್ದೀನ ಖಾಕಿ ಅಂಗಿ ಹಾಕಿಕೊಂಡು ಗೋಡೆಯ ಹತ್ತಿರ ನಿಂತಿದ್ದ. ಕೈಯಲ್ಲಿ ಕೋಲು. ನಾನು ನೀರಿನ ತಂಬಿಗೆ ಹಿಡಿದವನು ಹಾಗೆಯೇ ನಿಂತೆ.

"ಏನೋ ಇದು?"

"ರಜಾಕಾರರು ತೋಟದಾಗ ಎಲ್ಲಾರಿಗೂ ಒಂದೊಂದು ಅಂಗಿ ಕೊಟ್ಟಾರ. ಜುಮ್ಮಾ ದಿನ ಕವಾಯತಿಗೆ ಬರದಿದ್ರ ನೌಕರಿ ಇಲ್ಲ ಅಂದಾರ." ನನ್ನ ಮುಖ ನೋಡಲಿಲ್ಲ, ಮೂರನೆಯ ಗಿಡ ನೋಡಿದ. "ಕೆಳಗಿನ ಎಲಿ ನೆಲಕ್ಕ ಹತ್ಯಾವ. ತಗೀರಿ ಅವ್ನ."

ಹೋದ. ನಾನು ಎಲೆ ತೆಗೆದೆ. ಐದು ತೆಗೆಯಬೇಕಾದಲ್ಲಿ ಒಂಬತ್ತು ತೆಗೆದೆ. ಕಣ್ಣು ಅವನು ಹೋದ ದಾರಿಯ ಕಡೆಗಿತ್ತು, ಅಷ್ಟೇ ಕಾರಣ.

ಮೈಗೆ ಖಾಕಿ, ಕೈಗೆ ಕೋಲು,
ಮನಸ್ಸಿನ್ನೂ ಮಾಲಿಯ ಪಾಲು —

ಎಂದು ಬರೆದಿದ್ದೇನೆ. ಖರೆ ಇರಲಿ.


27 ಆಗಸ್ಟ್, ಶುಕ್ರವಾರ. ಸಂಜೆ

ಕಳೆದ ಶುಕ್ರವಾರದ ಕವಾಯತಿನಿಂದ ಬಂದ ನಿಜಾಮೋದ್ದೀನ ನಾಲ್ಕು ದಿನ ಮಾತಾಡಿರಲಿಲ್ಲ. ಪೇಟೆಯಲ್ಲಿ ಜನರೆದುರು ಸಾಲಾಗಿ ನಿಲ್ಲಿಸಿದ್ದರಂತೆ. ಆಮೇಲೆ ಒಂದು ಓಣಿಗೆ ಕರೆದೊಯ್ದರಂತೆ. "ಮುದುಕ ಒಬ್ಬಾಂವ ಬಾಗಲಿಗೆ ಅಡ್ಡ ಕುಂತಿದ್ದ ಮಾಸ್ತರ್" ಎಂದಷ್ಟೇ ಹೇಳಿ ನಿಲ್ಲಿಸಿದ.

ಇವತ್ತು ಕವಾಯತಿಗೆ ಹೋಗಲಿಲ್ಲ. ಬೆಳಿಗ್ಗೆ ಗೋಡೆ ಹಾರಿ ಬಂದ. ನಿನ್ನೆಯ ಗಾಳಿಗೆ ಗಿಡಗಳು ಮಲಗಿದ್ದವು. ತೊಗರಿ ಕಟ್ಟಿಗೆ ಊರಿದೆವು. ಕಟ್ಟಲು ಸುತಳಿ ಇಲ್ಲ, ಪೇಟೆಯಲ್ಲಿಯೂ ಇಲ್ಲ.

ಮನೆಗೆ ಹೋಗಿ ಖಾಕಿ ಅಂಗಿ ತಂದ. ಹಲ್ಲಿನಿಂದ ಅಂಚು ಕಚ್ಚಿ ಸರ್ರನೆ ಹರಿದ. ತೋಳು, ಬೆನ್ನು, ಕಾಲರು. ಇಪ್ಪತ್ತೆರಡು ಪಟ್ಟಿ.

"ಹುಚ್ಚ ಹಿಡೀತೇನೋ ನಿನಗ?"

"ಬಟ್ಟಿ ಚಲೋ ಅದ ಮಾಸ್ತರ್. ಚಲೋ ಕೆಲಸಕ್ಕ ಬರಲಿ."

ಇಂಗ್ಲಿಷ್ ಎಂಟರ ಅಂಕಿಯ ಹಾಗೆ ಕಟ್ಟಬೇಕಂತೆ. ಒಂದು ಸುತ್ತು ಕಟ್ಟಿಗೆಗೆ, ಒಂದು ಸುತ್ತು ದಂಟಿಗೆ, ದಂಟಿನ ಕಡೆ ಬೆರಳು ಆಡುವಷ್ಟು ಸಡಿಲು. ಇಪ್ಪತ್ತೊಂದು ಅವನೇ ಕಟ್ಟಿದ. ಒಂದು ನನಗೆ ಬಿಟ್ಟ. ಒಂಬತ್ತನೆಯ ಗಿಡ. ಕಟ್ಟಿದೆ. ಎರಡು ಗಂಟು, ಮೇಲೊಂದು.

ನೋಡಿ ನಗು ತಡೆಯಲಾರದೆ ಕುಕ್ಕರಗಾಲಿನಲ್ಲಿ ಕುಳಿತ. "ಗಿಡಾ ಕಟ್ಟೀರೋ, ಕಳ್ಳನ್ನ ಕಟ್ಟೀರೋ? ಉಸರು ಹ್ಯಾಂಗ ಆಡಬೇಕರಿ ಅದು?" ಗೋಡೆಯಾಚೆ ಹಾಜಿರಾಬೀಯೂ ನಕ್ಕರು. "ಇರಲಿ ಬಿಡ್ರಿ, ಆಮ್ಯಾಲೆ ಬಿಚ್ಚತೇನಿ" ಎಂದ. ಮರೆತ.

ಹೋಗುವಾಗ ನಗು ಇರಲಿಲ್ಲ. "ಇನ್ನ ಎಲಿ ಕಡೀಬ್ಯಾಡ್ರಿ ಮಾಸ್ತರ್. ಬಗಲಿಂದೂ ಚಿವುಟಬ್ಯಾಡ್ರಿ. ಹೆಂಗ ಬೆಳೀತಾವ ಹಂಗ ಬೆಳೀಲಿ. ಪಟ್ಟಿ ಕಾಣಬಾರದು."

ಮೂರು ವಾರ ಕಲಿತ ವಿದ್ಯೆ. ಇವತ್ತಿನಿಂದ ಬಂದ್.


5 ಸೆಪ್ಟೆಂಬರ್, ಭಾನುವಾರ

ಮೂವರು ಬಂದರು. ಮುಂದಿನವನು ಅಮೀರ ಪಾಶಾ, ಕವಾಯತು ಮಾಡಿಸುವವ. ಅವನ ತಮ್ಮ ನನ್ನ ವಿದ್ಯಾರ್ಥಿ. ಕಾಗುಣಿತ ಬರುತ್ತಿರಲಿಲ್ಲ.

"ಏನ್ರಿ ಮಾಸ್ಟರ್ ಸಾಬ್, ಎಲ್ಲಾರೂ ಓಡಿ ಹೋದ್ರು, ನೀವ್ ಇನ್ನಾ ಅದೀರಿ?"

"ಗಿಡಕ್ಕ ನೀರ್ ಹಾಕೋರು ಇಲ್ರಿ."

ಹಿತ್ತಲಿಗೆ ನಡೆದೇಬಿಟ್ಟ. ಮಳೆಗೆ ಗಿಡಗಳು ಎದೆಯುದ್ದ ಬೆಳೆದು ಒಂದರೊಳಗೊಂದು ಹೆಣೆದುಕೊಂಡಿವೆ. ಅವನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ, ನಾಲ್ಕು ಎಲೆಗಳ ಹಿಂದೆ, ಅವನ ಮೈಮೇಲಿದ್ದಂಥದೇ ಖಾಕಿ ಬಟ್ಟೆ.

"ನಿಜಾಮೋದ್ದೀನ ಎರಡು ಜುಮ್ಮಾ ಬಂದಿಲ್ಲ. ಎಲ್ಲಿ ಅದಾನ?"

ಗೋಡೆಯಾಚೆಯಿಂದ ಹಾಜಿರಾಬೀ. "ಬುಖಾರ ಬಂದದ ಬೇಟಾ. ಮೈಮ್ಯಾಲೆ ಸಣ್ಣ ಗುಳ್ಳಿ ಎದ್ದಾವ. ಒಳಗ ಬಂದು ನೋಡ್ತೀಯೇನು?"

ಸಿಡುಬೆಂದರೆ ಕೋವಿಯೂ ಹಿಂದೆ ಸರಿಯುತ್ತದೆ. ಅಮೀರ ಪಾಶಾ ಒಂದು ಹಸಿರು ಕಾಯಿ ಕಿತ್ತು, ಕಚ್ಚಿ, ಉಗುಳಿದ. "ಏನ್ ಜಂಗಲ್ ಬೆಳ್ಸೀರಿ ಮಾಸ್ಟರ್. ಕಡೀರಿ ಇದನ್ನ. ಹಾವು ಸೇರ್ತಾವ."

"ಕಡೀತೇನ್ರಿ."

ಹೋದ ಮೇಲೆ ಇನ್ನೆರಡು ಎಲೆ ಎಳೆದು ಪಟ್ಟಿಯ ಮರೆಗೆ ಸೇರಿಸಿದೆ. ಪ್ರಾಸಕ್ಕೆ ಇವತ್ತು ರಜೆ.


10 ಸೆಪ್ಟೆಂಬರ್, ಶುಕ್ರವಾರ

ಬಾಗಿಲು ಹಾಕಿಕೊಂಡು ಒಳಗೇ. ಕಿಟಕಿಗೆ ಕಂಬಳಿ. ಭಾಲ್ಕಿ ರಸ್ತೆಯಲ್ಲಿ ಲಾರಿಗಳು ಹೋದ ಸದ್ದು, ಬಂದ ಸದ್ದು.

ಗೋಡೆಯಾಚೆ ಕೆಮ್ಮು. ಸುಳ್ಳು ಹೇಳಿದ ಜ್ವರ ಖರೆಯೇ ಬಂದಿರಬೇಕು.


12 ಸೆಪ್ಟೆಂಬರ್

ಹಾಲಿನವಳು ಹೇಳಿದಳು. ಶುಕ್ರವಾರ ನಮ್ಮ ಹಲಬರ್ಗಾದ ಆಚೆಯ ಊರಿನಲ್ಲಿ ಮನೆಗಳು ಸುಟ್ಟವಂತೆ. ಹಲಬರ್ಗಾ ಉಳಿದಿದೆ. ನಾನು ಹುಟ್ಟಿದ ಊರು ಉಳಿಯಿತೆಂದು ಸಮಾಧಾನ ಪಟ್ಟೆ. ಪಟ್ಟ ಮೇಲೆ ನಾಚಿಕೆಯಾಯಿತು.

ಗಿಡದೊಳಗೆ ಗಾಳಿಯಿಲ್ಲ. ಕೆಳಗಿನ ಎಲೆಗಳಿಗೆ ಕಪ್ಪು ಚುಕ್ಕೆ. ಕೊಳೆತ ವಾಸನೆ. ಬೆರಳು ತುರಿಸುತ್ತದೆ, ಮುಟ್ಟುವ ಹಾಗಿಲ್ಲ.


14 ಸೆಪ್ಟೆಂಬರ್, ಮಂಗಳವಾರ

ನಿನ್ನೆ ಯುದ್ಧ ಶುರುವಾಯಿತಂತೆ. ವಿಮಾನಗಳು ಇವತ್ತೂ ಬಂದವು. ಏರೋಡ್ರೋಮಿನ ಕಡೆ ಸದ್ದು. ಬೋಗುಣಿ ಗೋಡೆಯ ಮಾಡದಿಂದ ಬಿದ್ದು ಒಡೆಯಿತು.


17 ಸೆಪ್ಟೆಂಬರ್, ಶುಕ್ರವಾರ. ರಾತ್ರಿ

ಮುಗಿಯಿತು. ಇಲ್ಲಿಯ ಸರಕಾರ ಶರಣಾಯಿತೆಂದು ರೇಡಿಯೋದಲ್ಲಿ ಹೇಳಿದರಂತೆ. ಐದೇ ದಿನ.

ಓಣಿಯಲ್ಲಿ ಒಂದು ಕಡೆ ಕೂಗು, ಕುಣಿತ. ಗೋಡೆಯಾಚೆ ದೀಪ ಹಚ್ಚಿಲ್ಲ.


19 ಸೆಪ್ಟೆಂಬರ್, ಭಾನುವಾರ. ಮಧ್ಯಾಹ್ನ

ಮಿಲಿಟರಿ ಊರಲ್ಲಿದೆ. ಮಿಲಿಟರಿಗಿಂತ ಮುಂಚೆ ಮಂದಿ ಸೇಡಿಗೆ ಹೊರಟಿದ್ದಾರೆ. ಚಿದ್ರಿ ಕಡೆ ಒಂದು ಮನೆಯಲ್ಲಿ ಖಾಕಿ ಟೊಪ್ಪಿಗೆ ಸಿಕ್ಕಿತಂತೆ. ಆ ಮನೆಯಲ್ಲಿ ಈಗ ಯಾರೂ ಇಲ್ಲ.

ಖಾಕಿ. ನನ್ನ ಹಿತ್ತಲಲ್ಲಿ ಇಪ್ಪತ್ತೆರಡು ಪಟ್ಟಿ ಖಾಕಿ.

ಗಿಡದೊಳಗೆ ತೂರಿದೆ. ಎಲೆ ಕಡಿಯದೆ, ಕೈಯಿಂದ ತಡಕಿ ತಡಕಿ ಬಿಚ್ಚಿದೆ. ನನ್ನ ಹಳೆಯ ಧೋತರ ಹರಿದು ಬಿಳಿಯ ಪಟ್ಟಿ ಕಟ್ಟಿದೆ. ಸಡಿಲಾಗಿ ಕಟ್ಟಿದೆ. ಕಲಿತಿದ್ದೇನೆ. ಖಾಕಿಯೆಲ್ಲ ಒಲೆಗೆ. ತೇವದ ಬಟ್ಟೆ, ಬೇಗ ಹತ್ತಲಿಲ್ಲ. ಊದಿ ಊದಿ ಕಣ್ಣು ಕೆಂಪಾದವು.

ಅವರಿಗೆ ಹೇಳಿಲ್ಲ. ಅವರ ಒಳ್ಳೆಯದಕ್ಕೆ ಸುಟ್ಟೆ ಎಂದು ಬರೆಯಬಹುದು. ಖರೆ ಅಂದರೆ, ನನಗೆ ಅಂಜಿಕೆಯಾಯಿತು.


27 ಸೆಪ್ಟೆಂಬರ್, ಸೋಮವಾರ

ಎಂಟು ದಿನ ಪೆನ್ನು ಮುಟ್ಟಿಲ್ಲ.

ಶುಕ್ರವಾರ ಬೆಳಿಗ್ಗೆ ನಿಜಾಮೋದ್ದೀನನನ್ನು ಮಿಲಿಟರಿಯವರು ಒಯ್ದರು. ಕವಾಯತಿನ ರಜಿಸ್ಟರ್ ಸಿಕ್ಕಿದೆ. ಅದರಲ್ಲಿ ಅವನ ಹೆಸರಿದೆ. ಅಷ್ಟೇ ಆಗಿದ್ದರೆ ಬಿಡುತ್ತಿದ್ದರೇನೋ. ಸುಟ್ಟ ಊರಿನ ಕಾಶೀರಾಮ ಎಂಬ ರೈತ ಕ್ಯಾಂಪಿಗೆ ಬಂದು, ಸಾಲಾಗಿ ನಿಲ್ಲಿಸಿದ ಮೂವತ್ತು ಮಂದಿಯಲ್ಲಿ ಇವನ ಮುಖ ಗುರುತಿಸಿದ್ದಾನೆ. "ಖಾಕಿ ಅಂಗಿ ಹಾಕ್ಕೊಂಡಿದ್ದ. ನನ್ನ ಮನಿಗೆ ಬೆಂಕಿ ಹಚ್ಚಿದ ಗುಂಪಿನ್ಯಾಗ ಇವಾ ಇದ್ದ."

ಹತ್ತನೆಯ ತಾರೀಖು. ಆ ದಿನ ಆ ಅಂಗಿ ನನ್ನ ಟಮಾಟೆಯ ಸೊಂಟಕ್ಕೆ ಇತ್ತು.


28 ಸೆಪ್ಟೆಂಬರ್, ಮಂಗಳವಾರ

ಕ್ಯಾಂಪಿಗೆ ಹೋದೆ. ಕ್ಯಾಪ್ಟನ್ ಮದ್ರಾಸಿನ ಕಡೆಯವನು. ನನ್ನ ಇಂಗ್ಲಿಷ್ ಕೇಳಿ ಕುರ್ಚಿ ಕೊಟ್ಟ. ಬಿ.ಎ. ಕೊನೆಗೂ ಒಂದು ಕುರ್ಚಿ ಗಳಿಸಿತು.

ಎಲ್ಲ ಹೇಳಿದೆ. ಅಂಗಿ, ಪಟ್ಟಿ, ಗಿಡ. ತಾಳ್ಮೆಯಿಂದ ಕೇಳಿದ.

ಹತ್ತನೆಯ ತಾರೀಖು ಅವನು ಇಡೀ ದಿನ ಮನೆಯಲ್ಲಿದ್ದುದನ್ನು ಕಣ್ಣಾರೆ ಕಂಡಿರಾ? ಇಲ್ಲ, ಕೆಮ್ಮು ಕೇಳಿದೆ. ಇಡೀ ದಿನವೇ? ಬೆಳಿಗ್ಗೆ ಕೇಳಿದೆ, ಸಂಜೆ ಕೇಳಿದೆ... ಮಧ್ಯಾಹ್ನ ಕೇಳಿದೆನೆಂದು ಪ್ರಮಾಣ ಮಾಡಲಾರೆ. ಸರಿ, ಆ ಪಟ್ಟಿಗಳು? ಸುಟ್ಟೆ. ಯಾರು? ನಾನೇ.

ಕ್ಯಾಪ್ಟನ್ ಪೆನ್ಸಿಲ್ ಕೆಳಗಿಟ್ಟ. ರಜಿಸ್ಟರಿನಲ್ಲಿ ಬರೆದಿದೆಯಂತೆ, ಒಬ್ಬನಿಗೆ ಒಂದೇ ಅಂಗಿ, ಒಂದು ಟೊಪ್ಪಿಗೆ. ನನ್ನ ಮಾತಿಗೆ ಅದು ಪೂರಕವೇ. ಆದರೆ ಪಕ್ಕದ ಮನೆಯವನ ಬರೀ ಮಾತಿನಿಂದ, ಮನೆ ಕಳೆದುಕೊಂಡವನ ಮಾತನ್ನು ಅಳಿಸಲಾಗುವುದಿಲ್ಲ. ಸೋಮವಾರ, ಅಕ್ಟೋಬರ್ ನಾಲ್ಕು, ಕೈದಿಗಳ ಯಾದಿ ಗುಲ್ಬರ್ಗಾ ಜೈಲಿಗೆ ಹೋಗುತ್ತದೆ. ಯಾದಿಯ ಸಂಗಡ ಮಂದಿಯೂ. ಅಷ್ಟರೊಳಗೆ ಕಣ್ಣಿಗೆ ಕಾಣುವುದು ಏನಾದರೂ ತನ್ನಿ. ಅಥವಾ ಕಾಶೀರಾಮನೇ ಬಂದು ಮಾತು ತಿದ್ದಬೇಕು.

ಹೊರಗೆ ಬರುವಾಗ ನಮ್ಮವರೇ ಒಬ್ಬರು, ಪೇಟೆಯ ಹಾವಗೆಪ್ಪ, ಕೇಳಿದರು. "ಏನ್ರಿ ಮಾಸ್ತರ, ಹೆಣ್ತಿನ್ನ ಸೊಲ್ಲಾಪುರಕ್ಕ ಓಡಿಸಿದವ್ರ ವಕಾಲತ್ತು ಹಿಡದೀರೇನು?"

ಮನೆಗೆ ಬರುವವರೆಗೆ ಬೆನ್ನು ಉರಿಯುತ್ತಿತ್ತು.


29 ಸೆಪ್ಟೆಂಬರ್, ಬುಧವಾರ. ಬೆಳಿಗ್ಗೆ

ಗೋಡೆಗೆ ಹೋಗಿ ನಿಂತು ಹಾಜಿರಾಬೀಯನ್ನು ಕರೆದೆ. ಇದಕ್ಕಿಂತ ಕ್ಯಾಪ್ಟನ್ನನ ಎದುರು ಹಗುರಾಗಿತ್ತು.

"ಖಾಲಾ, ಪಟ್ಟಿ ಎಲ್ಲಾ ನಾ ಸುಟ್ಟೀನಿ."

ಆ ಕಡೆ ಅಕ್ಕಿ ಆರಿಸುವ ಮೊರದ ಸದ್ದು ನಿಂತಿತು.

"ಯಾವಾಗ್ರಿ?"

"ಮಿಲಿಟರಿ ಬಂದ ದಿನ."

"ನನಗ ಕೇಳಬೇಕಿತ್ತು ಮಾಸ್ತರ್ ಸಾಬ್."

"ಕೇಳಬೇಕಿತ್ತು."

ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ದನಿ ಬದಲಾಯಿತು.

"ಎಲ್ಲಾ ಸುಟ್ಟೀರೇನು? ನೀವ್ ಕಟ್ಟಿದ್ದು ಒಂದು ಇತ್ತಲ್ಲ. ಕಳ್ಳನ್ನ ಕಟ್ಟಿದಂಗ ಕಟ್ಟಿದ್ದು. ನನ್ನ ಮಗಾ ಮೂರು ದಿನ ಅದನ್ನೇ ಹೇಳಿ ಹೇಳಿ ನಕ್ಕ. ಅದು ಬಿಚ್ಚಿದ್ರೇನು?"

ನೆನಪಾಗಲಿಲ್ಲ. ಓಡಿದೆ. ಹಿತ್ತಲಲ್ಲ ಅದು, ಅಡವಿ. ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದೆ. ಒಂಬತ್ತನೆಯ ಗಿಡ. ಕೈ ಹಾಕಿದೆ — ಬಿಳಿ ಪಟ್ಟಿ ಸಿಕ್ಕಿತು. ಅದರ ಕೆಳಗೆ, ದಂಟಿನ ಮೇಲೆ, ಒಂದು ಗಡ್ಡೆ. ಬೆರಳು ಸವರಿದೆ. ದಂಟು ಎರಡೂ ಕಡೆ ಉಬ್ಬಿ ತುಟಿ ಮುಚ್ಚಿದಂತಾಗಿದೆ. ಆ ತುಟಿಯ ನಡುವೆ ಬಟ್ಟೆಯ ಒಂದು ಎಳೆ. ಖಾಕಿ.

ಅವತ್ತು ಬಿಚ್ಚಲು ಬಂದಿರಲಿಲ್ಲ! ಕಾಣುವ ಬಾಲವನ್ನಷ್ಟೇ ಕತ್ತರಿಸಿ, ಮೇಲೆ ಬಿಳಿ ಕಟ್ಟಿದ್ದೆ. ಮರೆತೇಬಿಟ್ಟಿದ್ದೆ.

ಕೂಗಿ ಹೇಳಿದೆ. ಆಕೆ ಕೂಗಿ ಹೇಳಿದರು. "ಕತ್ತರಿ ಹಚ್ಚಬ್ಯಾಡ್ರಿ! ಒಂದು ಎಲಿ ಸುದ್ದಾ ತಗೀಬ್ಯಾಡ್ರಿ. ಅವರ ಕಣ್ಣೆದುರಿಗೇ ಕಡೀರಿ. ಇಲ್ಲಂದ್ರ ನೀವೇ ನಿನ್ನೆ ಕಟ್ಟೀರಿ ಅಂತಾರ."

ನಿನ್ನೆ ಕಟ್ಟಿದ್ದು ದಂಟಿನೊಳಗೆ ಇಳಿಯುವುದಿಲ್ಲ. ಗಿಡ ಬಲ್ಲವರಿಗೆ ಇದು ತಿಳಿಯುತ್ತದೆ. ಕ್ಯಾಪ್ಟನ್ನನಿಗೆ ತಿಳಿಯುವುದಿಲ್ಲ. ರೈತನಿಗೆ ತಿಳಿಯುತ್ತದೆ.

ಒಂದೇ ಭಯ. ಗಂಟಿನ ಮೇಲಿನ ಭಾಗ ಬಾಡಿದೆ. ಉಸಿರು ಕಟ್ಟಿದ ಗಿಡ, ತಲೆಯ ಮೇಲೆ ಎರಡು ಸೇರು ಕಾಯಿ. ಒಂದು ಜೋರು ಮಳೆ, ಒಂದು ಗಾಳಿ — ಗಂಟಿನಲ್ಲಿಯೇ ಮುರಿದು ಕೊಳೆಯುತ್ತದೆ.


30 ಸೆಪ್ಟೆಂಬರ್, ಗುರುವಾರ. ಭಾಲ್ಕಿ

ಎಣ್ಣೆ ಡಬ್ಬಿಯ ಲಾರಿಯಲ್ಲಿ ಬಂದೆ. ಕಾಶೀರಾಮ ಇಲ್ಲಿ ಇಲ್ಲ. ಊರು ಸುಟ್ಟುಹೋದವರು ಧರ್ಮಶಾಲೆಯಲ್ಲಿದ್ದಾರೆ. ಅವನು ಅಕ್ಕನ ಊರಿಗೆ, ಔರಾದಕ್ಕೆ ಹೋಗಿದ್ದಾನಂತೆ. "ನೀವ್ ಯಾರ ಪೈಕಿ?" ಎಂದು ಹತ್ತು ಮಂದಿ ಕೇಳಿದರು. ಹಲಬರ್ಗಾದವನು ಎಂದೆ. ಅಷ್ಟು ಖರೆ ಸಾಕಾಯಿತು.

ಮೋಡ ಕಟ್ಟಿದೆ.


1 ಅಕ್ಟೋಬರ್, ಶುಕ್ರವಾರ. ಔರಾದ

ಎಂಟು ವರ್ಷ ಕಲಿಸಿದ ಊರು. ಹಳೆಯ ವಿದ್ಯಾರ್ಥಿಯ ಗಾಡಿ ಸಿಕ್ಕಿತು.

ಕಾಶೀರಾಮ ಅಕ್ಕನ ಹೊಲದಲ್ಲಿ ಮೆಣಸಿನ ಸಾಲಿನಲ್ಲಿ ಕಳೆ ತೆಗೆಯುತ್ತಿದ್ದ. ಐವತ್ತರ ಆಸುಪಾಸು. ಎಡಗೈಗೆ ಸುಟ್ಟ ಗಾಯ, ಅರಿಷಿಣ ಹಚ್ಚಿದೆ. ತಲೆ ಎತ್ತಲಿಲ್ಲ.

"ಯಾರ ಕಡಿಂದ ಬಂದೀರಿ?"

"ಯಾರ ಕಡಿಂದೂ ಅಲ್ಲ. ನೀವ್ ಗುರ್ತಾ ಹಿಡದೀರಲ್ಲ, ಅವನ ಬಾಜೂ ಮನಿ ನಂದು."

"ನನ್ನ ಬಾಜೂ ಮನಿ ಸುಡಲಿಲ್ರಿ. ನಂದು ಸುಟ್ಟಾದ. ಎರಡು ಎತ್ತು ಒಳಗೇ ಇದ್ವು."

ಕಳೆ ತೆಗೆಯುವ ಕುರ್ಪಿಯನ್ನು ಮತ್ತೆ ಮಣ್ಣಿಗಿಳಿಸಿದ.

"ಸುಳ್ಳು ಹೇಳಂತ ಹೇಳ್ಲಿಕ್ಕೆ ಬಂದೀರೇನು?"

"ಇಲ್ಲ. ಒಂದು ಗಿಡಾ ನೋಡ್ಬರ್ರಿ ಅಂತ. ನೋಡಿದ ಮ್ಯಾಲೂ ಅವನೇ ಅನಿಸಿದ್ರ ಹಂಗೇ ಹೇಳ್ರಿ. ನಾ ತಡ್ಯಂಗಿಲ್ಲ."

ಒಂದು ಸಾಲು ಪೂರ್ತಿ ಮುಗಿಸಿದ. ನಾನು ಬದುವಿನ ಮೇಲೆ ಕುಳಿತು ಕಾದೆ. ಆ ಸಾಲು ಮೈಲು ಉದ್ದ ಇತ್ತು.

"ಏನ್ ಗಿಡಾ?"

"ಟಮಾಟೆ."

"ವಿಲಾಯತಿ ಬದನಿ. ಅದರಾಗ ಏನ್ ನೋಡಬೇಕ್ರಿ?"

ಹೇಳಿದೆ. ಅಂಗಿ ಹರಿದದ್ದು, ಕಟ್ಟಿದ್ದು, ಸುಟ್ಟದ್ದು, ಒಂದು ಉಳಿದದ್ದು.

"ಬಿಗಿ ಕಟ್ಟೀರಿ?"

"ಬಾಳ ಬಿಗಿ."

"ಸಾಯ್ತದ ಅದು."

"ಸಾಯ್ಲಿಕತ್ತದ. ಅದಕ್ಕೇ ಜಲ್ದಿ ಬರ್ರಿ ಅನ್ಲಿಕತ್ತೀನಿ."

ಮೊದಲ ಸಲ ನನ್ನ ಮುಖ ನೋಡಿದ. ನಾಳೆ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ಕುರ್ಪಿಯ ಮಣ್ಣು ಒರೆಸಿದ.

ಸಂಜೆಯಿಂದ ಮಳೆ. ಬೀದರದಲ್ಲಿಯೂ ಇರಬೇಕು.


2 ಅಕ್ಟೋಬರ್, ಶನಿವಾರ. ಮನೆ

ಬೆಳಿಗ್ಗೆ ಗಾಡಿ ಹೂಡುವಾಗ ಬಂದು ಹಿಂದೆ ಹತ್ತಿ ಕುಳಿತಿದ್ದ. ಮಾಂಜ್ರಾ ತುಂಬಿತ್ತು. ಹರಗೋಲಿನವ ಎರಡು ತಾಸು ಕಾಯಿಸಿದ. ನೀರು ನೋಡುತ್ತ ಕಾಶೀರಾಮ ಒಂದೇ ಮಾತು ಕೇಳಿದ — "ಅವನ ತಾಯಿ ಇದ್ದಾಳೇನ್ರಿ?" ಇದ್ದಾರೆ ಎಂದೆ. ಆಮೇಲೆ ಬೀದರದ ಬುರುಜು ಕಂಡಿತು. ಊರಲ್ಲಿ ಅವನಿಗೆ ಗುರುತಿನವರ ಮನೆಯಿದೆ, ಅಲ್ಲಿಗೆ ಹೋದ. ನಾಳೆ ಕ್ಯಾಪ್ಟನ್ನನ ಜೊತೆ ಬರುವುದು.

ನಾನು ಮನೆಗೆ ಓಡಿದೆ. ಮಳೆ ಇನ್ನೂ ಹಿಡಿದೇ ಇತ್ತು.

ಹಿತ್ತಲಲ್ಲಿ ಒಂದು ಹೆಂಗಸು. ತಲೆಯ ಮೇಲೆ ಗೋಣಿ ಚೀಲ, ಮೈಯೆಲ್ಲ ನೀರು. ಒಂಬತ್ತನೆಯ ಗಿಡದ ಮೇಲೆ ಇನ್ನೊಂದು ಚೀಲ ಹಿಡಿದು ಬಾಗಿ ನಿಂತಿದ್ದಾಳೆ. ದಂಟಿಗೆ ಎರಡೂ ಕಡೆ ಕಟ್ಟಿಗೆ, ತನ್ನ ದುಪಟ್ಟಾ ಸುತ್ತಿ ಆಸರೆ ಕೊಟ್ಟಿದ್ದಾಳೆ. ಒಂಬತ್ತು ವರ್ಷ ದನಿ ಮಾತ್ರ ಕೇಳಿದ್ದೆ. ನನ್ನ ನೋಡಿ ಮುಖ ಮರೆ ಮಾಡಲು ದುಪಟ್ಟಾ ಇರಲಿಲ್ಲ. ಗಿಡಕ್ಕೆ ಹೋಗಿತ್ತು.

ನಾನೇ ಮುಖ ತಿರುಗಿಸಿದೆ.

"ಯಾವಾಗಿಂದ ನಿಂತೀರಿ ಖಾಲಾ?"

"ಮಳಿ ಬಂದಾಗಿಂದ. ನಡುವ ಒಂದೆರಡು ಸಲ ಕುಂತಿದ್ದೆ." ಚಳಿಗೆ ಹಲ್ಲು ಕಟಕಟಿಸುತ್ತಿದ್ದವು. "ಅವಾ ಬಂದಾನೇನು?"

"ಬಂದಾನ."

"ಹಂಗಾದ್ರ ನಾ ಹೋಗ್ತೇನಿ. ನೀವ್ ಹಿಡೀರಿ. ಬಿಗಿ ಹಿಡೀಬ್ಯಾಡ್ರಿ."


3 ಅಕ್ಟೋಬರ್, ಭಾನುವಾರ

ಮಳೆ ನಿಂತಿತ್ತು. ಕ್ಯಾಪ್ಟನ್, ಇಬ್ಬರು ಸಿಪಾಯಿಗಳು, ಕಾಶೀರಾಮ.

ಅನುಸೂಯಾಳ ಹೊಲಿಗೆ ಕತ್ತರಿ ಹಿಡಿದು ಶುರು ಮಾಡಿದೆ. ಐದು ವಾರದಿಂದ ಮುಟ್ಟದ ಗಿಡ, ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದು. ಮೇಲಿನಿಂದ ಕತ್ತರಿಸಿದೆ. ಕಾಯಿಯ ಗೊಂಚಲು ಉದುರಿತು. ಇನ್ನೊಂದು ಕುಡಿ ಹಿಡಿದು ಎಳೆದೆ, ಇಡೀ ಗಿಡ ಅಲ್ಲಾಡಿತು.

"ಹೇ ಹೇ ಹೇ! ಬಿಡ್ರಿ, ಬಿಡ್ರಿ ಮಾಸ್ತರ!" ಕಾಶೀರಾಮ. ಅವನಿಗೆ ನೋಡಲಾಗಲಿಲ್ಲ. ನನ್ನ ಕೈಯಿಂದ ಕತ್ತರಿ ಕಸಿದುಕೊಂಡ. "ಎಳೀತಾರೇನ್ರಿ ಯಾರರ? ಕೆಳಗಿಂದ ಬರಬೇಕು. ನಾ ಬದನಿ ಬೆಳ್ಯಾಂವ."

ಕುಳಿತ. ನೆಲಕ್ಕೆ ತಾಗಿದ ಎಲೆ ಮೊದಲು. ಆಮೇಲೆ ಕಪ್ಪಾದವು. ಆಮೇಲೆ ಬಗಲಿನವು, ಒಂದೊಂದೇ, ದಂಟಿಗೆ ನೋವಾಗದ ಹಾಗೆ. ಸುಟ್ಟ ಕೈ ಮಣ್ಣಿಗೆ ತಾಗದಂತೆ ಎತ್ತಿ ಹಿಡಿದಿದ್ದ. ಒಂಬತ್ತನೆಯ ಗಿಡ ನಿಧಾನಕ್ಕೆ ಕಾಣಿಸಿಕೊಂಡಿತು. ಬಿಳಿ ಪಟ್ಟಿ ಬಿಚ್ಚಿದ. ಗಡ್ಡೆ.

ಹೆಬ್ಬೆರಳಿನಿಂದ ಸವರಿದ. ಸವರುತ್ತಲೇ ಇದ್ದ. ಉಗುರಿನಿಂದ ಸಿಪ್ಪೆ ಸ್ವಲ್ಪ ಸರಿಸಿದ. ಖಾಕಿ.

ಕ್ಯಾಪ್ಟನ್ ಬಾಗಿ ನೋಡಿ, ಇದು ಎಷ್ಟು ದಿನದ್ದು, ಕೇಳಿ ಎಂದ. ಕೇಳಿದೆ.

"ಬಟ್ಟಿ ನುಂಗ್ಯಾದ್ರಿ ಗಿಡಾ." ಕಾಶೀರಾಮನ ದನಿ ಸಣ್ಣದಾಗಿತ್ತು. "ಎಂಟು ದಿನದಾಗ ಆಗೋ ಮಾತಲ್ಲ. ತಿಂಗಳಾತು. ತಿಂಗಳದ ಮ್ಯಾಲೇ ಆತು."

"ನಿಮ್ಮ ಮನಿ ಸುಟ್ಟು ಇಪ್ಪತ್ಮೂರು ದಿನ" ಎಂದೆ. ಹೇಳಬೇಕಾಗಿತ್ತು, ಹೇಳಿದೆ.

ಎದ್ದು ನಿಂತ. ಯಾರನ್ನೂ ನೋಡದೆ ಮಾತಾಡಿದ. "ಮಾರಿ ನೋಡಿದ್ದು ಖರೆ. ಆಗಸ್ಟದಾಗ ಸಂತಿಗೆ ಬಂದಾಗ ಪೇಟ್ಯಾಗ ಸಾಲು ನಿಂದ್ರಿಸಿದ್ರು. ಅದರಾಗ ಇವಾ ಇದ್ದ, ಖಾಕಿ ಇತ್ತು. ಬೆಂಕಿ ಹಚ್ಚಿದವ್ರೂ ಖಾಕಿ ಇದ್ರು. ಹೊಗಿ ಇತ್ತು. ಎತ್ತು ಒದರ್ಲಿಕತ್ತಿದ್ವು..." ನಿಲ್ಲಿಸಿದ. "ಅಲ್ಲಿ ನೋಡಿದ ಮಾರಿ, ಇಲ್ಲಿ ಹಚ್ಚಿದ್ನೇನೋ ನಾ."

ಕ್ಯಾಪ್ಟನ್ ಗಡ್ಡೆಯ ಮೇಲೊಂದು ಗೇಣು, ಕೆಳಗೊಂದು ಗೇಣು ಬಿಟ್ಟು ದಂಟು ಕತ್ತರಿಸಿಕೊಂಡ. ಕಾಗದದಲ್ಲಿ ಸುತ್ತಿ ಸಹಿ ಹಾಕಿದ. ನನ್ನದೂ ಸಹಿ. ಕಾಶೀರಾಮನ ಹೆಬ್ಬೆಟ್ಟು.

ಹೋಗುವಾಗ ಕಾಶೀರಾಮ ಬಾಗಿಲಲ್ಲಿ ತಿರುಗಿದ.

"ಹಂಗಾದ್ರ ನನ್ನ ಮನಿ ಸುಟ್ಟವ್ರು ಯಾರ್ರಿ ಮಾಸ್ತರ?"

ಗೊತ್ತಿದ್ದರೆ ಹೇಳುತ್ತಿದ್ದೆ. ಅಮೀರ ಪಾಶಾ ಹದಿನೇಳರ ರಾತ್ರಿಯೇ ಊರು ಬಿಟ್ಟ ಎನ್ನುತ್ತಾರೆ. ಹೆಸರು ಹೇಳಲು ಬಾಯಿ ತೆರೆದೆ. ಮುಚ್ಚಿದೆ. ಆ ದಿನ ಕಂಬಳಿ ಕಟ್ಟಿದ ಕಿಟಕಿಯ ಹಿಂದೆ ಇದ್ದವನು ನಾನು. ಏನು ಕಂಡಿದ್ದೇನೆ?

ಅವನು ಕತ್ತರಿಯನ್ನು ನನ್ನ ಕೈಗಿಟ್ಟು ಹೋದ.


4 ಅಕ್ಟೋಬರ್, ಸೋಮವಾರ

ಯಾದಿ ಗುಲ್ಬರ್ಗಾಕ್ಕೆ ಹೋಯಿತು. ಅದರಲ್ಲಿ ಅವನ ಹೆಸರು ಇದೆಯೋ ಇಲ್ಲವೋ ಕ್ಯಾಂಪಿನಲ್ಲಿ ಯಾರೂ ಹೇಳಲಿಲ್ಲ. ಲಾರಿ ನಾಲ್ಕು. ತಾಡಪತ್ರಿ ಹಾಕಿತ್ತು, ಮುಖ ಕಾಣಲಿಲ್ಲ.

ಹಾಜಿರಾಬೀಗೆ ಜ್ವರ. ಈ ಸಲ ಖರೆ.


6 ಅಕ್ಟೋಬರ್, ಬುಧವಾರ. ಸಂಜೆ ಐದು

ಸುದ್ದಿ ಇಲ್ಲ.

ಕೈ ಸುಮ್ಮನಿರಲಿಲ್ಲ. ನಿನ್ನೆ, ಇವತ್ತು, ಉಳಿದ ಹನ್ನೊಂದು ಗಿಡ ಕಡಿದೆ. ಕೆಳಗಿಂದಲೇ ಶುರು ಮಾಡಿದೆ, ಕಾಶೀರಾಮನಂತೆ. ಎಲ್ಲಿ ನಿಲ್ಲಿಸಬೇಕೆಂದು ಅವನು ಹೇಳಿರಲಿಲ್ಲ. ಈಗ ನೋಡಿದರೆ ಹನ್ನೊಂದು ಕಡ್ಡಿ, ತುದಿಗೆ ನಾಲ್ಕು ಎಲೆ, ಬಿಸಿಲಿಗೆ ಬಿಚ್ಚಿದ ಕಾಯಿ.

ಕುಡಿ ಕಡಿದೆ, ಎಲೆ ಕಡಿದೆ, ಕಡಿಯುತ್ತ ಕಡಿಯುತ್ತ —

ಎರಡನೆಯ ಸಾಲು ಸಿಗುತ್ತಿಲ್ಲ. ಗೋಡೆಯಾಚೆ ಕೆಮ್ಮುತ್ತಿದ್ದಾರೆ. ಅರ್ಧ ತಾಸಿಗೊಮ್ಮೆ "ಏನರ ಗೊತ್ತಾತೇನ್ರಿ?" ಎಂದು ಕೇಳುತ್ತಿದ್ದವರು ಮಧ್ಯಾಹ್ನದಿಂದ ಕೇಳುವುದನ್ನು ಬಿಟ್ಟಿದ್ದಾರೆ.

ರಸ್ತೆಯಲ್ಲಿ ಲಾರಿ ನಿಂತ ಸದ್ದು. ಮುಂದಕ್ಕೆ ಹೋಯಿತು.

ಹಿತ್ತಲ ಬಾಗಿಲು. ಗಾಳಿ ಇರಬೇಕು.

ಗಾಳಿಯಲ್ಲ. ಯಾರೋ ಗಿಡಗಳ ನಡುವೆ ನಡೆಯುತ್ತಿದ್ದಾರೆ. ನಿಧಾನಕ್ಕೆ, ಒಂದೊಂದರ ಎದುರೂ ನಿಂತು. ದನಿ ಒಡೆದಿದೆ, ಬೈಗುಳ ಮಾತ್ರ ಗುರುತಿನದು —

"ಮಾಸ್ತರ್! ಇಷ್ಟ್ ಬೋಳು ಮಾಡ್ತಾರೇನ್ರಿ ಯಾರರ? ಬಿಸಲಿಗೆ ಕಾಯಿ ಬೇಯ್ತಾವ! ಹತ್ತು, ಹನ್ನೊಂದು... ಒಂಬತ್ತನೇದು ಎಲ್ಲಿ ಅದರಿ?"

ಗೋಡೆಯಾಚೆ ಮೊರ ಬಿದ್ದು ಅಕ್ಕಿ ಚೆಲ್ಲಿದ ಸದ್ದು. ನಾನು ಏಳಬೇಕು. ಒಂಬತ್ತನೆಯದಕ್ಕೆ ಏನು ಹೇಳಲಿ, ಎಲ್ಲಿಂದ ಶುರು ಮಾಡಲಿ, ಮೊದಲು